ಆಡ್ತಿದೀಯೋ, ಲೆಕ್ಕ ಮಾಡ್ತಿದೀಯೋ?

ಭಾನುವಾರದಿಂದ ಒಂದೇ ಮಾತು ತಲೇಲಿ ಗುಂಯ್‌ಗುಡ್ತಾ ಇದೆ. ಹೇಳಿದ್ದು ಒಂಬತ್ತು ವರ್ಷದ ಹುಡುಗಿ, ಅಕ್ಕನ ಮಗಳು, ಅದೂ ಚಕ್ಲಿ ಕಡೀತಾ, ಸ್ಕ್ರೀನಿಂದ ಕಣ್ಣೂ ಎತ್ತದೆ. "ಮಾಮ, ನೀನು ಆಟ ಆಡ್ತಿದೀಯೋ ಲೆಕ್ಕ ಮಾಡ್ತಿದೀಯೋ?"

ಅಟ್ಟ ಕ್ಲೀನ್ ಮಾಡೋವಾಗ ಕೈಲಿ ಹಿಡ್ದು ಆಡೋ ನನ್ನ ಹಳೇ ಗೇಮ್ ಮೆಷಿನ್, ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಸಿಕ್ತು, ಒಳಗೆ ಫೈರ್‌ರೆಡ್ ಕ್ಯಾಸೆಟ್ ಹಾಗೇ ಇತ್ತು. 2004ರ ಗೇಮ್ ಅದು, 1996ರಲ್ಲಿ ಜಪಾನಲ್ಲಿ ಬಂದ ಮೊದಲ್ನೇ ಪೋಕೆಮಾನ್‌ನೇ ಬಣ್ಣ ಹಚ್ಚಿ ಮತ್ತೆ ಬಿಟ್ಟಿದ್ದು. ಪೋಕೆಮಾನ್ ಅನ್ನೋ ಪ್ರಾಣಿಗಳನ್ನ ಬಾಲ್ ಎಸೆದು ಹಿಡಿದು, ಬೆಳೆಸಿ, ಬೇರೆಯವರ ಪೋಕೆಮಾನ್ ಜೊತೆ ಕಾದಾಡಿಸೋ ಆಟ. ಇಂಜಿನಿಯರಿಂಗ್ ಟೈಮಲ್ಲಿ ಹಾಸ್ಟೆಲ್ ಮಂಚದ ಮೇಲೆ ಬಿದ್ಕೊಂಡು ಎಷ್ಟು ಸಲ ಮುಗಿಸಿದೀನೋ ನಂಗೇ ನೆನಪಿಲ್ಲ. ಪುಟ್ಟಿ ರಜಕ್ಕೆ ಬಂದಿದ್ಲು, ಚಾರ್ಜ್ ಹಾಕಿ ಕೊಟ್ಟೆ. ಅಕ್ಕ ಎಂದಿನ ಹಾಗೆ "ಕಣ್ಣು ಹಾಳಾಗುತ್ತೆ" ಅಂದ್ಲು. ಅವಳು ಮಾತ್ರ ರಾತ್ರಿ ಹನ್ನೆರಡರ ತನಕ ಫೋನಲ್ಲಿ ರೀಲ್ಸ್ ನೋಡ್ತಾಳೆ, ಅದಿರ್ಲಿ.

ನಾನು ಪಕ್ಕದಲ್ಲೇ ಕೂತೆ, ಕೂತಿದ್ದೇ ತಪ್ಪು. ಆಟದ ಶುರುವಲ್ಲಿ ಪ್ರೊಫೆಸರ್ ಓಕ್ ಟೇಬಲ್ ಮೇಲೆ ಆರಿಸ್ಕೊಳ್ಳೋಕೆ ಮೂರು ಪೋಕೆಮಾನ್ ಇಟ್ಟಿರ್ತಾರಲ್ಲ, ಇವಳು ಬೆಂಕಿ ಜಾತಿಯ ಚಾರ್ಮ್ಯಾಂಡರ್ ತಗೊಂಡ್ಲು. ಯಾಕೆ ಅಂದ್ರೆ ಬಾಲದಲ್ಲಿ ದೀಪ ಇದೆ. ನಾನು ತಕ್ಷಣ ಶುರು ಮಾಡ್ದೆ, ಎಲೆ ಜಾತಿಯ ಬಲ್ಬಸಾರ್ ತಗೋ ಪುಟ್ಟಿ, ಮುಂದೆ ಹೋಗೋಕೆ ಗೆಲ್ಬೇಕಾದ ಮೊದಲ್ನೇ ಜಿಮ್ಮು, ಅಂದ್ರೆ ಅಖಾಡ, ಬ್ರಾಕ್‌ದು, ಅವನ ಹತ್ರ ಇರೋ ಜಿಯೋಡ್ಯೂಡು, ಓನಿಕ್ಸು ಎರಡೂ ಕಲ್ಲು-ಮಣ್ಣಿನವು, ಎಲೆ ಏಟು ಬಿದ್ರೆ ನಾಲ್ಕು ಪಟ್ಟು ಹತ್ತುತ್ತೆ, ಎರಡನೇ ಜಿಮ್ಮು ಮಿಸ್ಟಿದು, ನೀರು, ಅಲ್ಲೂ ಬಲ್ಬಸಾರೇ ಗೆಲ್ಲೋದು, ಬೆಂಕಿ ಹಿಡ್ಕೊಂಡು ಹೋದ್ರೆ ಎರಡೂ ಕಡೆ ಒದೆ. ಅವಳು ಆಗ್ಲೇ ಹೆಸರಿಡೋ ಸ್ಕ್ರೀನಿಗೆ ಹೋಗಿದ್ಲು. ದೀಪು.

ಆಮೇಲೆ ವಿರಿಡಿಯನ್ ಊರಿನ ಅಂಗಡಿಯಿಂದ ಓಕ್ ಪಾರ್ಸಲ್ ತಂದು ಕೊಟ್ಟು, ಪೋಕೆಮಾನ್ ಪಟ್ಟಿ ಇಡೋ ಪೋಕೆಡೆಕ್ಸ್ ಜೊತೆ ಸಿಗೋ ಐದು ಬಾಲ್ ಇಸ್ಕೊಂಡು ಕಾಡಿಗೆ ಹೊರಟ್ಲು. ಆ ಕಾಡಲ್ಲಿ ಪಿಕಾಚು ಸಿಗೋದು ನೂರಕ್ಕೆ ಐದು ಸಲ, ನಾನು ಅದಕ್ಕೇ ಬಾಲ್ ಉಳಿಸ್ಕೋ ಅಂತ ಬಾಯಿ ಬಡ್ಕೊಂಡೆ. ಅವಳು ಕಾಡಿನ ದಾರೀಲೇ ಒಂದು ಪಿಜಿ ಹಕ್ಕಿ ಹಿಡಿದ್ಲು, ಸರಿ. ಅದಾದ್ಮೇಲೆ ಎದುರಿಗೆ ಬಂದಿದ್ದು ಮೆಟಾಪಾಡ್.

ಗೊತ್ತಿಲ್ದೇ ಇರೋರಿಗೆ ಹೇಳ್ಬೇಕು. ಮೆಟಾಪಾಡ್ ಅಂದ್ರೆ ಹಸಿರು ಗೂಡು, ಒಳಗೆ ಹುಳ. ಹುಳದಿಂದ ಬೆಳೆಸಿಕೊಂಡು ಬಂದ್ರೆ ಒಂದು ಸಣ್ಣ ಡಿಕ್ಕಿ ಹೊಡೆಯೋಕಾದ್ರೂ ಬರುತ್ತೆ, ಕಾಡಲ್ಲಿ ನೇರ ಸಿಕ್ಕಿದ್ದಕ್ಕೆ ಬರೋದು ಒಂದೇ ವಿದ್ಯೆ, ಹಾರ್ಡನ್. ಗಟ್ಟಿ ಆಗುತ್ತೆ. ಮುಂದಿನ ಸರದಿಯಲ್ಲಿ ಇನ್ನೂ ಗಟ್ಟಿ ಆಗುತ್ತೆ. ಅಷ್ಟೇ. ಅದಕ್ಕೆ ಮೂರು ಬಾಲ್ ಖರ್ಚು ಮಾಡಿ ಹಿಡಿದ್ಲು ಈ ಹುಡುಗಿ. ಹೆಸರಿಗೆ ಹತ್ತೇ ಅಕ್ಷರ ಜಾಗ ಇರೋದು, ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದೇ ಹುಡುಕಿ ಒತ್ತಿ ಸರಿಯಾಗಿ ಹತ್ತಕ್ಕೆ ಮುಗಿಯೋ ಹಾಗೆ ಇಟ್ಲು, ತೊಂಡೆಕಾಯಿ. ನೋಡಿದ್ರೆ ಹೌದು, ತೊಂಡೆಕಾಯಿ ಥರಾನೇ ಇದೆ, ಇಷ್ಟು ವರ್ಷ ನಂಗೆ ಹೊಳೆದೇ ಇರ್ಲಿಲ್ಲ.

ದೀಪು ಲೆವೆಲ್ ಒಂಬತ್ತು, ತೊಂಡೆಕಾಯಿ ಐದು, ಹಕ್ಕಿ ಎಷ್ಟೋ. ಇಷ್ಟೇ ಇಟ್ಕೊಂಡು ಬ್ರಾಕ್ ಹತ್ರ ಹೋದ್ಲು. ಅವನ ಜಿಯೋಡ್ಯೂಡ್ 12, ಓನಿಕ್ಸ್ 14. ಎರಡು ನಿಮಿಷದಲ್ಲಿ ಮೂರೂ ಮಲಗಿದ್ವು, ಒಂದಿಷ್ಟು ದುಡ್ಡೂ ಹೋಯ್ತು. ನಂಗೆ ಒಳಗೊಳಗೇ ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಖುಷೀಲಿ ಪೇಪರ್ ಪೆನ್ನು ತಗೊಂಡೆ. ನೋಡು ಪುಟ್ಟಿ, ಈ ಜಾತಿ ಹುಳಕ್ಕೆ ಲೆವೆಲ್ ಎಷ್ಟೋ ಅದನ್ನೇ ಮೂರು ಸಲ ಇಟ್ಟು ಗುಣಿಸಿದಷ್ಟು ಎಕ್ಸ್‌ಪಿ, ಅಂದ್ರೆ ಅನುಭವದ ಅಂಕ, ಬೇಕು, ಐದಕ್ಕೆ 5×5×5, 125, ಇದು ರೂಪ ಬದಲಿಸೋ ಹತ್ತಕ್ಕೆ ಸಾವಿರ, ಅಂದ್ರೆ ಇನ್ನೂ 875. ಇದು ತಾನಾಗಿ ಹೊಡೆಯಲ್ಲ, ನೀನು ಇದನ್ನ ಮೊದಲು ಕಳಿಸಿ ವಾಪಸ್ ಕರೆದು ದೀಪುನ ಬಿಡ್ಬೇಕು, ಎದುರಿನ ಒಂದು ಹುಳ ಸೋತ್ರೆ ಮೂವತ್ತು ಸಿಗುತ್ತೆ, ಅದರಲ್ಲಿ ಅರ್ಧ ದೀಪುಗೆ ಅರ್ಧ ಇದಕ್ಕೆ, ಹದಿನೈದು. ಹತ್ರ ಹತ್ರ ಅರವತ್ತು ಯುದ್ಧ! ಅದರ ಬದಲು ವಿರಿಡಿಯನ್ ಊರಿನ ಪಶ್ಚಿಮಕ್ಕೆ ರೂಟ್ 22 ಇದೆ, ಅಲ್ಲಿ ಮ್ಯಾಂಕಿ ಸಿಗುತ್ತೆ, ಕೋತಿ, ಕಲ್ಲಿಗೆ ಒದೆಯೋದು ಅದೇ, ಹತ್ತು ನಿಮಿಷದ ಕೆಲಸ. ತೊಂಡೆಕಾಯಿನ ಬಾಕ್ಸಿಗೆ ಹಾಕು, ಬೇಡದ್ದನ್ನ ಇಡೋದು ಅಲ್ಲೇ. ಬರೀ ಗಟ್ಟಿ ಆಗುತ್ತೆ, ಇನ್ನೇನೂ ಮಾಡಲ್ಲ ಅದು.

ಆಗ ಬಂದಿದ್ದು ಆ ಮಾತು. ಆಟ ಆಡ್ತಿದೀಯೋ ಲೆಕ್ಕ ಮಾಡ್ತಿದೀಯೋ. ಸಿಟ್ಟಲ್ಲೂ ಅಲ್ಲ, ವ್ಯಂಗ್ಯವೂ ಅಲ್ಲ, ನಿಜವಾಗ್ಲೂ ಗೊತ್ತಾಗ್ದೆ ಕೇಳಿದ ಹಾಗಿತ್ತು. ಚಕ್ಲಿ ಕಟುಂ ಅಂತು.

ಈಗಿನ ಗೇಮಲ್ಲಿ ಈ ತಾಪತ್ರಯ ಇಲ್ಲ ಬಿಡಿ, 2019ರ ಸ್ವೋರ್ಡ್, ಶೀಲ್ಡ್‌ನಲ್ಲಿ ಜೊತೇಲಿರೋ ಎಲ್ಲದಕ್ಕೂ ತಾನಾಗೇ ಎಕ್ಸ್‌ಪಿ ಹಂಚಿಕೆ, ಬೇಡ ಅಂದ್ರೂ ನಿಲ್ಲಲ್ಲ. ಫೈರ್‌ರೆಡ್ಡಲ್ಲಿ ಕೈಯಾರೆ ಮಾಡ್ಬೇಕು. ಮಾಡಿದ್ಲು. ಸೋಮವಾರ ಪೂರ್ತಿ, ಮಂಗಳವಾರ ಮಧ್ಯಾಹ್ನದ ತನಕ, ಹುಲ್ಲಲ್ಲಿ ಆ ಕಡೆ ಈ ಕಡೆ ಓಡಾಡಿಸಿ, ತೊಂಡೆಕಾಯಿ ಮುಖ ತೋರಿಸೋದು, ಒಳಗೆ ಬರೋದು, ದೀಪು ಹೊರಗೆ, ಬೆಂಕಿ. ಭಾವ ವಿಡಿಯೋ ಕಾಲಲ್ಲಿ ನೋಡಿ "ಇದೇ ಏಕಾಗ್ರತೆ ಮಗ್ಗಿ ಮೇಲಿದ್ದಿದ್ರೆ" ಅಂದ್ರು, ಅವರಿಗೆ ಎಲ್ಲದಕ್ಕೂ ಇರೋದು ಅದೊಂದೇ ಡೈಲಾಗ್. ಮಂಗಳವಾರ ನಾನು ವರ್ಕ್ ಫ್ರಮ್ ಹೋಮ್, ಆಫೀಸ್ ಕಾಲ್‌ನಲ್ಲಿದ್ದೆ, ಪಕ್ಕದ ರೂಮಿಂದ ಕಿರುಚಿದ್ದು ಕೇಳ್ತು. ಓಡಿ ಹೋದ್ರೆ ಸ್ಕ್ರೀನಲ್ಲಿ ಬಟರ್‌ಫ್ರೀ, ರೆಕ್ಕೆ ಬಿಚ್ಕೊಂಡು, ತಲೆ ಮೇಲೆ ತೊಂಡೆಕಾಯಿ ಅನ್ನೋ ಹೆಸರು. ಹತ್ತನೇ ಲೆವೆಲಲ್ಲಿ ಚಿಟ್ಟೆ ಆದ ತಕ್ಷಣ ಕನ್ಫ್ಯೂಷನ್ ಕಲಿಯುತ್ತೆ, ಅದು ಮನಸ್ಸಿಂದ ಹೊಡೆಯೋ ಏಟು, ಕಲ್ಲೆಷ್ಟೇ ಗಟ್ಟಿ ಇದ್ರೂ ಅದರ ಮುಂದೆ ಮೈ ಗಟ್ಟಿತನ ಲೆಕ್ಕಕ್ಕೆ ಬರಲ್ಲ.

ನನ್ನ ಲೆಕ್ಕದಲ್ಲಿ ಬಿಟ್ಟು ಹೋಗಿದ್ದು ಒಂದಿತ್ತು. ಅರ್ಧ ಎಕ್ಸ್‌ಪಿ ದೀಪುಗೆ ಹೋಗ್ತಿತ್ತಲ್ಲ. ಅರವತ್ತು ಯುದ್ಧ ಮುಗಿಯೋ ಹೊತ್ತಿಗೆ ದೀಪು ಹದಿಮೂರು ಆಗಿ ಮೆಟಲ್ ಕ್ಲಾ ಕಲಿತಿತ್ತು, ಉಕ್ಕಿನ ಉಗುರು, ಕಲ್ಲಿಗೆ ಎರಡು ಪಟ್ಟು. ನಾನೇ ಬರೆದ ಸಂಖ್ಯೆ, ನನ್ನ ಪೇಪರಲ್ಲೇ ಇತ್ತು, "ಅರ್ಧ ದೀಪುಗೆ" ಅಂತ, ನಾನದನ್ನ ನಷ್ಟದ ಕಡೆ ಬರ್ದಿದ್ದೆ.

ಬ್ರಾಕ್ ಜೊತೆ ಎರಡನೇ ಸಲ. ಜಿಯೋಡ್ಯೂಡನ್ನ ತೊಂಡೆಕಾಯಿ ಒಬ್ಬನೇ ಮುಗಿಸ್ದ. ಓನಿಕ್ಸ್ ಬಂತು, ರಾಕ್ ಟೂಂಬ್ ಅನ್ನೋ ಬಂಡೆ ಏಟು ಹಾಕ್ತು, ಚಿಟ್ಟೆಗೆ ಅದು ನಾಲ್ಕು ಪಟ್ಟು, ಬಿದ್ರೆ ಅಲ್ಲಿಗೆ ಕಥೆ ಮುಗೀತು. ಬೀಳ್ಲಿಲ್ಲ, ಗುರಿ ತಪ್ತು. ಎರಡು ಏಟು ಕೊಟ್ಟು ಮೂರನೇದಕ್ಕೆ ಬಂಡೆ ಬಿದ್ದು ತೊಂಡೆಕಾಯಿ ಮಲಗ್ದ. ದೀಪು ಬಂದ, ಒಂದು ಬಂಡೆ ತಿಂದ, ಹೆಚ್‌ಪಿ, ಅಂದ್ರೆ ಉಳಿದ ಪ್ರಾಣ, ಕೆಂಪಲ್ಲಿ ಒಂದು ಎಳೆ. ಎರಡು ಸಲ ಉಗುರಲ್ಲಿ ಪರಚಿದ. ಬ್ರಾಕ್‌ನ ಗೆದ್ದಿದ್ದಕ್ಕೆ ಬೌಲ್ಡರ್ ಬ್ಯಾಡ್ಜ್.

ಇಷ್ಟೇ ಆಗಿದ್ರೆ ಬರೀತಿರ್ಲಿಲ್ಲ. ಪುಟ್ಟಿ ಕಿರುಚಿದಾಗ ನಾನು ಇದ್ದ ಆಫೀಸ್ ಕಾಲ್ ಯಾವುದು ಅಂದ್ರೆ, ನಮ್ಮ ಪ್ರಾಜೆಕ್ಟಿಂದ ಇಬ್ಬರನ್ನ ರಿಲೀಸ್ ಮಾಡ್ಬೇಕು, ಹೆಸರು ಕೊಡಿ ಅಂತ. ಐಟಿಯಲ್ಲಿರೋರಿಗೆ ಗೊತ್ತು, ರಿಲೀಸ್ ಅಂದ್ರೆ ಬೆಂಚು, ಪ್ರಾಜೆಕ್ಟ್ ಇಲ್ದೆ ಕೂರೋದು, ಬೆಂಚು ಅಂದ್ರೆ ಬಾಕ್ಸು. ನನ್ನ ಎಕ್ಸೆಲ್ ಶೀಟಲ್ಲಿ ಹನ್ನೊಂದು ಜನ, ಪ್ರತಿಯೊಬ್ಬರ ಮುಂದೆ ಮುಗಿಸಿದ ಟಿಕೆಟ್, ಅಂದ್ರೆ ಒಪ್ಪಿಸಿದ ಕೆಲಸ, ಎಷ್ಟು ಅಂತ. ಅದರಲ್ಲಿ ಕೊನೇಲಿರೋ ಹುಡುಗ, ದಾವಣಗೆರೆ ಕಡೆಯವನು, ಟಿಕೆಟ್ ಕಮ್ಮಿ. ಆದ್ರೆ ಹೊಸಬರು ಯಾರೇ ಬಂದ್ರೂ ಇವನ ಸೀಟ್ ಪಕ್ಕ ಕೂತಿರ್ತಾರೆ, ಮಧ್ಯರಾತ್ರಿ ಸಾಫ್ಟ್‌ವೇರ್ ಬಿಲ್ಡ್ ಕೆಟ್ಟು ನಿಂತ್ರೆ ಎಲ್ಲರೂ ಮೊದಲು ಫೋನ್ ಮಾಡೋದು ಇವನಿಗೆ. ಆ ಶೀಟಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ. ಮಾಡಿದ್ದು ನಾನೇ. ಮ್ಯಾನೇಜರ್ ಪಾಪ ಒಳ್ಳೆಯವರೇ, ಆದ್ರೆ "ಡೇಟಾ ಏನ್ ಹೇಳುತ್ತೋ ಅದು" ಅಂತಾರೆ, ಅದೊಂದು ಅನುಕೂಲದ ಮಾತು.

ಬುಧವಾರ ರಾತ್ರಿ ಒಂದು ಕಾಲಮ್ ಸೇರಿಸ್ದೆ. ಏನು ಹೆಡಿಂಗ್ ಕೊಡ್ಬೇಕು ಅಂತ ಅರ್ಧ ಗಂಟೆ ಕೂತು, ಕೊನೆಗೆ "ಸಪೋರ್ಟ್" ಅಂತ ಬರೆದು ಗುರುವಾರ ಬೆಳಿಗ್ಗೆ ಕಳಿಸ್ದೆ. ಇನ್ನೂ ಉತ್ತರ ಬಂದಿಲ್ಲ. ಕಾಲಮ್ ಸೇರಿಸಿದ್ದೂ ಲೆಕ್ಕಾನೇ ಅಲ್ವಾ ಅಂತ ಅನ್ನಿಸ್ತಿದೆ, ಪುಟ್ಟಿ ಇದ್ದಿದ್ರೆ ಅದನ್ನೇ ಅಂತಿದ್ಲು.

ಅವಳು ಶುಕ್ರವಾರ ಊರಿಗೆ ಹೋದ್ಲು, ಗೇಮ್ ಬಾಯನ್ನೂ ತಗೊಂಡೇ ಹೋದ್ಲು. ನಿನ್ನೆ ಸಂಜೆ ಅಕ್ಕನ ಫೋನಿಂದ ಕಾಲ್ ಬಂತು.

"ಮಾಮ, ಮೌಂಟ್ ಮೂನ್ ಹತ್ರ ಒಬ್ಬ 500ಕ್ಕೆ ಮೀನು ಮಾರ್ತಿದಾನೆ."

ಮ್ಯಾಜಿಕಾರ್ಪ್. ಹದಿನೈದನೇ ಲೆವೆಲ್ ತನಕ ನೀರಲ್ಲಿ ಪಚಪಚ ಅಂತ ಒದ್ದಾಡೋದು ಬಿಟ್ಟು ಏನೂ ಬರಲ್ಲ ಅದಕ್ಕೆ, ಇಪ್ಪತ್ತಕ್ಕೆ ಏನಾಗುತ್ತೆ ಅಂತ ನಂಗೊತ್ತು. ಬಾಯಿ ತನಕ ಬಂತು, ತಡ್ಕೊಂಡೆ. "ನಿನ್ನ ಹತ್ರ ದುಡ್ಡೆಷ್ಟಿದೆ?" ಅಂತ ಮಾತ್ರ ಕೇಳ್ದೆ.

"ಅಯ್ಯೋ, ತಗೊಂಡಾಯ್ತು ಮಾಮ. ಏನ್ ಹೆಸರಿಡ್ಲಿ ಅಂತ ಕೇಳಕ್ಕೆ ಫೋನ್ ಮಾಡಿದ್ದು."

ಬಂಗುಡೆ ಅಂತಿಡು ಅಂದೆ.