ಮೂರೂವರೆ ಗಂಟೆಯ ದಾರಿಗೆ ಐದು ದಿನ

ಫ್ರಾನ್ಸಿನ ನಡುಭಾಗದ ಕ್ಲೆರ್ಮೋಂ-ಫೆರಾಂ ಊರಿನಿಂದ ದಕ್ಷಿಣದ ಮೋಂಪೆಲಿಯೆಗೆ ಎ75 ಹೆದ್ದಾರಿ ಹಿಡಿದರೆ ಸುಮಾರು ಮೂರೂವರೆ ಗಂಟೆ ಸಾಕು. ನಾವು ಐದು ದಿನ ತೆಗೆದುಕೊಂಡೆವು. ಆರು ದಿನ ಇಟ್ಟುಕೊಳ್ಳಬೇಕಿತ್ತು ಎಂದು ಈಗ ಅನಿಸುತ್ತಿದೆ.

ಪ್ಯಾರಿಸ್‌ನಲ್ಲಿ ಕಾರು ತೆಗೆದುಕೊಳ್ಳಬೇಡಿ. ಅಲ್ಲಿನ ಬೆರ್ಸಿ ನಿಲ್ದಾಣದಿಂದ ಕ್ಲೆರ್ಮೋಂಗೆ ನೇರ ರೈಲಿದೆ, ಸುಮಾರು ಮೂರೂವರೆ ಗಂಟೆಯ ಪ್ರಯಾಣ. ಅಲ್ಲಿ ಕಾರು ಹತ್ತಿದರೆ ಅರ್ಧ ಗಂಟೆಯೊಳಗೆ ಹಸಿರು ಬೆಟ್ಟಗಳ ನಡುವೆ ಇರುತ್ತೀರಿ. ಎಲ್ಲಾ ಹಳೆಯ ಜ್ವಾಲಾಮುಖಿಗಳು. ಲೈಸೆನ್ಸ್ ಜೊತೆ ನಮ್ಮ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಲಿ. ಒಂದು ವರ್ಷಕ್ಕೆ ಕೊಡುತ್ತಾರೆ. ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡ್ ಬೇಕು, ಅದೂ ಓಡಿಸುವವರ ಹೆಸರಿನಲ್ಲೇ.

ಆಟೋಮ್ಯಾಟಿಕ್ ಕಾರು ಬೇಕಿದ್ದರೆ ಮೊದಲೇ ಕೇಳಿ ಬುಕ್ ಮಾಡಿ. ಕೇಳದಿದ್ದರೆ ಸಿಗುವುದು ಗೇರ್ ಕಾರು. ಬಲಗೈಯಲ್ಲಿ ಗೇರ್ ಹಾಕುವುದು ಒಂದು ಗಂಟೆಯಲ್ಲಿ ರೂಢಿಯಾಗುತ್ತದೆ. ಇಂಡಿಕೇಟರ್ ಮಾತ್ರ ಆಗಲ್ಲ. ನಮ್ಮ ಕಾರುಗಳಲ್ಲಿ ಅದು ಸ್ಟಿಯರಿಂಗ್‌ನ ಬಲಕ್ಕೆ, ಅಲ್ಲಿ ಎಡಕ್ಕೆ. ಮೊದಲ ದಿನವೆಲ್ಲ ನಾನು ಪ್ರತಿ ತಿರುವಿಗೂ ಬಿರುಬಿಸಿಲಿನಲ್ಲಿ ವೈಪರ್ ಹಾಕಿದೆ. ಇನ್ನೊಂದು ಮಾತು: ಇರುವುದರಲ್ಲಿ ಚಿಕ್ಕ ಕಾರನ್ನೇ ಆರಿಸಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ದಾರಿ ಆರಿಸುವುದು. ಮೊಬೈಲ್ ಮ್ಯಾಪ್‌ನಲ್ಲಿ 'ಹೆದ್ದಾರಿ ಬೇಡ' ಎಂದು ಒತ್ತಿ ಸುಮ್ನೆ ಹೊರಟರೆ ಕೆಲಸ ಕೆಟ್ಟಿತು. ನಾಲ್ಕು ನಿಮಿಷ ಉಳಿಸಲು ಅದು ನಮ್ಮನ್ನು ಒಂದು ತೋಟದ ದಾರಿಗೆ ನುಗ್ಗಿಸಿತು. ಕೊನೆಗೆ ಸಿಕ್ಕಿದ್ದು ದನದ ಕೊಟ್ಟಿಗೆ. ಅದರ ಬದಲು ಕಾಗದದ ಮಿಷೆಲಿನ್ ಮ್ಯಾಪ್ ಕೊಳ್ಳಿ. ಟೈರ್ ಮಾಡುವ ಆ ಕಂಪನಿಯ ಊರು ಕ್ಲೆರ್ಮೋಂ-ಫೆರಾಂ ತಾನೇ, ಅಲ್ಲೇ ಸಿಗುತ್ತದೆ. ಅದರಲ್ಲಿ ಚಂದದ ರಸ್ತೆಗಳ ಪಕ್ಕ ಹಸಿರು ಗೆರೆ ಎಳೆದಿರುತ್ತಾರೆ. ಏರು ಇರುವ ಕಡೆ ಬಾಣದ ತಲೆಯಂಥ ಗುರುತು. ಮೂರು ಗುರುತು ಇದ್ದರೆ ಏರು 13 ಶೇಕಡಾಕ್ಕಿಂತ ಜಾಸ್ತಿ. ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಮ್ಯಾಪ್ ಹರಡಿ, ಮರುದಿನದ ಹಸಿರು ಗೆರೆಗಳನ್ನು ಜೋಡಿಸುವುದೇ ನಮಗೆ ಆಟವಾಯಿತು.

ಚಿಕ್ಕ ರಸ್ತೆಗಳ ಹೆಸರು 'ಡಿ' ಅಕ್ಷರದಿಂದ ಶುರುವಾಗುತ್ತದೆ. ಜಿಲ್ಲೆಯ ಗಡಿ ದಾಟಿದರೆ ಅದೇ ರಸ್ತೆಯ ನಂಬರು ಬದಲಾಗಿಬಿಡಬಹುದು. ಹಾಗಾಗಿ ನಂಬರು ನೆಚ್ಚಿಕೊಳ್ಳದೆ ದಾರಿಯ ಊರುಗಳ ಹೆಸರನ್ನು ಫ್ರೆಂಚ್ ಕಾಗುಣಿತದಲ್ಲೇ ಚೀಟಿಯಲ್ಲಿ ಬರೆದಿಡಿ. ಪಕ್ಕದಲ್ಲಿ ಕೂತವರಿಗೆ ಅದನ್ನು ಓದುವ ಕೆಲಸ. ಓದುವುದಕ್ಕೂ ಬರೆಯುವುದಕ್ಕೂ ಅಲ್ಲಿ ಸಂಬಂಧವೇ ಇಲ್ಲ, ಜಗಳ ಆಗುತ್ತದೆ, ಆಗಲಿ.

ದಿನಕ್ಕೆ 150 ಕಿಲೋಮೀಟರ್ ಮೀರಬೇಡಿ. ಈ ರಸ್ತೆಗಳಲ್ಲಿ ಮಿತಿ ಸಾಮಾನ್ಯವಾಗಿ 80, ಕೆಲವು ಜಿಲ್ಲೆಗಳಲ್ಲಿ 90, ಊರೊಳಗೆ 50. ನಮಗೆ ಸರಾಸರಿ ಸಿಕ್ಕಿದ್ದು ಗಂಟೆಗೆ 40.

ನಮ್ಮ ದಾರಿ ಹೀಗಿತ್ತು. ಮೊದಲ ರಾತ್ರಿ ಕಪ್ಪು ಕಲ್ಲಿನ ಹಳೆಯ ಊರು ಸಾಲೆರ್. ಮರುದಿನ 1,589 ಮೀಟರ್ ಎತ್ತರದ ಪಾ ದ ಪೇರೋಲ್ ಕಣಿವೆದಾರಿ. ಚಳಿಗಾಲದಲ್ಲಿ ಹಿಮ ಬಿದ್ದು ಇದನ್ನು ಮುಚ್ಚುತ್ತಾರೆ, ಆದ್ದರಿಂದ ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಆಗುಂಬೆ ಘಾಟಿಯಲ್ಲಿ ಓಡಿಸಿದವರಿಗೆ ಆ ತಿರುವುಗಳು ಹೆದರಿಕೆ ಹುಟ್ಟಿಸಲ್ಲ. ಆದರೆ ಇಲ್ಲಿ ಮರಗಳ ಮರೆಯಿಲ್ಲ. ಪಕ್ಕದಲ್ಲಿ ಬರೀ ಹುಲ್ಲು, ಅದರಾಚೆ ಆಕಾಶ. ಸಂಜೆಗೆ ಗಾರಾಬಿ ಸೇತುವೆ. ಐಫೆಲ್ ಗೋಪುರಕ್ಕಿಂತ ಮೊದಲು, 1884ರಲ್ಲಿ, ಐಫೆಲ್‌ನ ಕಂಪನಿಯೇ ಕಟ್ಟಿದ ರೈಲು ಸೇತುವೆ ಅದು.

ಮೂರನೇ ದಿನ ಶೋದ್-ಜೆಗ್ ಊರಿನಲ್ಲಿ ನಿಂತೆವು. ಅಲ್ಲಿ ಬೀದಿ ಬದಿಯಲ್ಲೇ 82 ಡಿಗ್ರಿ ಬಿಸಿನೀರು ನೆಲದಿಂದ ಉಕ್ಕುತ್ತದೆ. ಅಲ್ಲಿಂದ ಓಬ್ರಾಕ್ ಬಯಲು. ಸಸ್ಯಾಹಾರಿಗಳಿಗೆ ಇಲ್ಲಿ ಸಿಗುವ ಆಸರೆ ಅಲಿಗೋ. ಆಲೂಗಡ್ಡೆ ಅರೆದು, ಚೀಸ್ ಬೆರೆಸಿ, ಅಂಟಿನಂತೆ ಎಳೆಯೆಳೆಯಾಗಿ ಬಡಿಸುತ್ತಾರೆ. ಜೊತೆಗೆ ಸಾಸೇಜ್ ಇಡುವುದು ವಾಡಿಕೆ, ಬೇಡ ಎಂದು ಮೊದಲೇ ಹೇಳಿ.

ಊಟದ ವೇಳೆಯ ಬಗ್ಗೆ ಒತ್ತಿ ಹೇಳುತ್ತೇನೆ. ಮಧ್ಯಾಹ್ನ 12ರಿಂದ 2, ಅಷ್ಟೇ. ಎರಡೂಕಾಲಿಗೆ ಹೋದ ನಮ್ಮನ್ನು ನಗುನಗುತ್ತಲೇ ವಾಪಸ್ ಕಳಿಸಿದರು. ಭಾನುವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಹಳ್ಳಿಗಳಲ್ಲಿ ಎಷ್ಟೋ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಬೆಳಗ್ಗೆಯೇ ಬ್ರೆಡ್, ಚೀಸ್, ಹಣ್ಣು ಕಾರಿನಲ್ಲಿಟ್ಟುಕೊಳ್ಳಿ. ಮನೆಯಿಂದ ತಂದ ಚಟ್ನಿಪುಡಿ ನಮ್ಮ ಮಾನ ಉಳಿಸಿತು. ಪೆಟ್ರೋಲ್ ಸೂಪರ್‌ಮಾರ್ಕೆಟ್ ಬಂಕುಗಳಲ್ಲಿ ಅಗ್ಗ. ಆದರೆ ರಾತ್ರಿ, ರಜೆಗಳಲ್ಲಿ ಅಲ್ಲಿ ಬರೀ ಯಂತ್ರ, ನಮ್ಮ ಒಂದು ಕಾರ್ಡನ್ನು ಅದು ಒಪ್ಪಲೇ ಇಲ್ಲ. ಟ್ಯಾಂಕ್ ಅರ್ಧಕ್ಕಿಳಿದರೆ ತುಂಬಿಸಿ. 'ಗಾಜ಼ೋಲ್' ಎಂದು ಬರೆದಿದ್ದರೆ ಅದು ಡೀಸೆಲ್, ಜೋಪಾನ.

ನಾಲ್ಕನೇ ದಿನ ತಾರ್ನ್ ನದಿಯ ಕೊರಕಲು. ಸೇಂತ್-ಎನಿಮಿಯಿಂದ ಲ ರೋಜಿಯೆವರೆಗೆ ಡಿ907ಬಿಸ್ ರಸ್ತೆ ನದಿಯ ಪಕ್ಕದಲ್ಲೇ ಓಡುತ್ತದೆ. ತಲೆಯ ಮೇಲೆ ಚಾಚಿದ ಬಂಡೆ, ಬಂಡೆ ಕೊರೆದ ಸುರಂಗ. ಎದುರಿನಿಂದ ಕ್ಯಾರವಾನ್ ಬಂದರೆ ಚಿಕ್ಕ ಕಾರಿನ ಬೆಲೆ ತಿಳಿಯುತ್ತದೆ. ಜುಲೈ-ಆಗಸ್ಟ್‌ನಲ್ಲಿ ಹೋಗಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ಮುಂದೆ ಮಿಯೋ ಸೇತುವೆ: 2004ರಲ್ಲಿ ತೆರೆದದ್ದು, ತುದಿಯವರೆಗೆ 343 ಮೀಟರ್ ಎತ್ತರ. ಮೇಲೆ ಹೋದರೆ ಟೋಲ್, ಕೆಳಗೆ ನಿಂತು ನೋಡಿದರೆ ಬಿಟ್ಟಿ. ಕೆಳಗಿನಿಂದಲೇ ಚಂದ.

ಅವತ್ತೇ ಒಂದು ಹಳ್ಳಿಯಲ್ಲಿ ಬಲಗಡೆಯ ಸಂದಿಯಿಂದ ಟ್ರ್ಯಾಕ್ಟರ್ ಒಂದು ನೋಡದೆ ನುಗ್ಗಿತು. ಬ್ರೇಕ್ ಹಾಕಿ ಬೈದುಕೊಂಡೆ. ತಪ್ಪು ನನ್ನದೇ. ಬೋರ್ಡ್, ಗೆರೆ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೇ ಮೊದಲ ಹಕ್ಕು, ಅದು ಎಷ್ಟೇ ಚಿಕ್ಕ ಓಣಿಯಾಗಿದ್ದರೂ. ಹಳದಿ ವಜ್ರದಾಕಾರದ ಬೋರ್ಡ್ ಕಂಡರೆ ನಿಮ್ಮ ರಸ್ತೆಗೆ ಹಕ್ಕು. ಅದರ ಮೇಲೆ ಕಪ್ಪು ಗೆರೆ ಎಳೆದಿದ್ದರೆ ಹಕ್ಕು ಮುಗಿಯಿತು. ದೊಡ್ಡ ಗಾಡಿಗೇ ದಾರಿ ಎಂದು ಕಲಿತ ನಮಗೆ ಇದು ತಲೆಗೆ ಹತ್ತಲು ಸಮಯ ಬೇಕು.

ಕೊನೆಯ ದಿನ ಜೋಂತ್ ನದಿಯ ಕೊರಕಲಿನಲ್ಲಿ ರಣಹದ್ದುಗಳನ್ನು ನೋಡಿ, ಫ್ಲೊರಾಕ್ ಮೂಲಕ ಸೆವೆನ್ ಬೆಟ್ಟದ ನೆತ್ತಿಯ ಡಿ9 ರಸ್ತೆ ಹಿಡಿದು ಸೇಂ-ಜಾಂ-ದ್ಯು-ಗಾರ್‌ಗೆ ಇಳಿದೆವು. ಮೋಂಪೆಲಿಯೆ ತಲುಪಿದ್ದು ಸಂಜೆ ತಡವಾಗಿ. ಕಾರು ವಾಪಸ್ ಮಾಡುವ ಕಚೇರಿ ಬಾಗಿಲು ಹಾಕಿಯಾಗಿತ್ತು. ಮರುದಿನ ಬೆಳಗ್ಗೆ ಕೊಡುವಷ್ಟರಲ್ಲಿ ಒಂದು ದಿನದ ಬಾಡಿಗೆ ಜಾಸ್ತಿ ಬಿತ್ತು. ಕಚೇರಿಯ ವೇಳೆಯನ್ನು ಕಾರು ಪಡೆಯುವಾಗಲೇ ಕೇಳಿ, ಊರುಗಳ ಹೆಸರು ಬರೆದ ಆ ಚೀಟಿಯಲ್ಲೇ ಗುರುತು ಮಾಡಿಕೊಳ್ಳಿ.