ಊರಿನ ತಲೆ ಎಣಿಕೆ: ಮಳೆಗಾಲಕ್ಕೆ ಮೊದಲಿನ ಸ್ಥಿತಿ

ಶಿರಸಿ ತಾಲ್ಲೂಕಿನ ನಮ್ಮ ಪುಟ್ಟ ಊರಿನ ಜನಸಂಖ್ಯೆಯ ಬಗ್ಗೆ ನಾನು ಸಿದ್ಧಪಡಿಸುತ್ತಿರುವ ಪುಸ್ತಕ ಒಂದು ಹಂತಕ್ಕೆ ಬಂದಿದೆ. 2011ರ ಜನಗಣತಿಯ ಜಿಲ್ಲಾ ಕೈಪಿಡಿಯಿಂದ ಅಂಕಿಗಳನ್ನು ಇಳಿಸಿಕೊಂಡದ್ದಾಯಿತು. ಆದರೆ ಅಲ್ಲಿ ನಮ್ಮ ಊರಿನ ಹೆಸರಿರುವ ಸಾಲು ಕಂದಾಯ ಗ್ರಾಮದ್ದು, ಅಂದರೆ ಕಂದಾಯ ಇಲಾಖೆಯ ದಾಖಲೆಯಲ್ಲಿ ಒಂದೇ ಗ್ರಾಮವೆನಿಸಿದ ಇಡೀ ಪ್ರದೇಶದ್ದು. ಅಕ್ಕಪಕ್ಕದ ಮಜರೆಗಳೂ, ಅಂದರೆ ಬಿಡಿಬಿಡಿಯಾದ ಸಣ್ಣ ಊರುಗಳೂ, ಅದರಲ್ಲೇ ಸೇರಿವೆ. ಹಾಗಾಗಿ ಕೇರಿ ಕೇರಿ ತಿರುಗಿ ಮನೆವಾರು ಪಟ್ಟಿ ಮಾಡುತ್ತಿದ್ದೇನೆ. ಹೆಸರು ಬರೆದುಕೊಳ್ಳುವುದಿಲ್ಲ. ವಯಸ್ಸು, ಓದು, ಕಸುಬು, ವರ್ಷದಲ್ಲಿ ಎಷ್ಟು ತಿಂಗಳು ಊರಲ್ಲಿರುತ್ತಾರೆ ಎನ್ನುವುದು, ಇಷ್ಟು ಸಾಕು.

ಮೇಲಿನಕೇರಿ ಮುಗಿಯಿತು. ಅಲ್ಲಿ ಮನೆ ಎಣಿಸುವುದೇ ತಲೆನೋವು. ಒಟ್ಟಿಗೆ ವಾಸವಿದ್ದು ಒಂದೇ ಅಡುಗೆಯ ಊಟ ಮಾಡುವವರನ್ನು ಜನಗಣತಿ ಒಂದು ಕುಟುಂಬವೆಂದು ಹಿಡಿಯುತ್ತದೆ. ಹಿಸೆಯಾದ ಅಣ್ಣತಮ್ಮಂದಿರ ಮನೆಯೊಂದಿದೆ: ಒಂದೇ ಹೆಂಚಿನ ಮಾಡು, ಒಂದೇ ಜಗಲಿ, ಒಳಗೆ ಹೋದರೆ ನಡುಮನೆಗೆ ಹಲಗೆಯ ಅಡ್ಡಗೋಡೆ, ಎರಡು ಬಚ್ಚಲು, ಎರಡು ಒಲೆ. ಅಡಿಕೆ ಒಣಗಿಸುವ ಅಂಗಳ ಮಾತ್ರ ಇನ್ನೂ ಪಾಲಾಗಿಲ್ಲ. ನನ್ನ ಪಟ್ಟಿಯಲ್ಲಿ ಅದು ಎರಡು ಕುಟುಂಬ.

ಅದಕ್ಕಿಂತ ಕಷ್ಟ, ಊರಿನವರು ಯಾರು ಎಂದು ತೀರ್ಮಾನಿಸುವುದು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ್ದಕ್ಕೆ ಒಬ್ಬ ಅಜ್ಜಿ, "ಊಟಕ್ಕೆ ಎಷ್ಟು ಜನವೋ, ರೇಷನ್ ಕಾರ್ಡಿಗೆ ಎಷ್ಟು ಜನವೋ ಹೇಳು ತಮ್ಮಾ" ಎಂದರು. ಕಾರ್ಡಿನಲ್ಲಿ ಆರು ಹೆಸರು, ಊಟಕ್ಕೆ ಇಬ್ಬರು. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಅವಧಿಯಿಡೀ ಬೆಂಗಳೂರಿನಲ್ಲಿದ್ದವರು ಬೆಂಗಳೂರಿನ ಲೆಕ್ಕಕ್ಕೇ ಹೋದರು. ನಾನೂ ಅದೇ ನಿಯಮ ಹಿಡಿದಿದ್ದೇನೆ, ಹೊರಗಿರುವವರಿಗೆ ಪ್ರತ್ಯೇಕ ಕಾಲಂ ಇಟ್ಟಿದ್ದೇನೆ. ಆ ಕಾಲಮ್ಮೇ ಈಗ ಎಲ್ಲಕ್ಕಿಂತ ಉದ್ದವಾಗಿ ಬೆಳೆಯುತ್ತಿದೆ. ಜಿಲ್ಲೆಯ ಅಂಕಿಯಲ್ಲೂ ಇದರ ಛಾಯೆಯಿದೆ ಎಂದೇ ನನ್ನ ಅನಿಸಿಕೆ: 2001ರಿಂದ 2011ರ ನಡುವೆ ಉತ್ತರ ಕನ್ನಡದ ಜನಸಂಖ್ಯೆ 13,53,644ರಿಂದ 14,37,169ಕ್ಕೆ, ಅಂದರೆ ಶೇ. 6.17 ಏರಿದರೆ, ರಾಜ್ಯದ್ದು ಶೇ. 15.6 ಏರಿತು.

ಲಿಂಗಾನುಪಾತದ ಕಾಲಮ್ಮನ್ನು ಕೈಬಿಟ್ಟೆ. ಜಿಲ್ಲೆಗೆ ಸಾವಿರ ಗಂಡಸರಿಗೆ 979 ಹೆಂಗಸರು ಎನ್ನುವುದಕ್ಕೆ ಅರ್ಥವಿದೆ. ಸಣ್ಣ ಮಜರೆಯಲ್ಲಿ 11 ಗಂಡು ಮಕ್ಕಳು, 9 ಹೆಣ್ಣು ಮಕ್ಕಳಿದ್ದರೆ ಅನುಪಾತ 818. ಇನ್ನೊಂದು ಹೆಣ್ಣು ಕೂಸು ಹುಟ್ಟಿದರೆ ಒಮ್ಮೆಗೇ 909. ಇಂಥ ಕಡೆ ತಲೆಗಳನ್ನೇ ಬರೆಯುವುದು ಮೇಲು. ಪರಿಶಿಷ್ಟ ಪಂಗಡದ ಅಂಕಿಯನ್ನು 2001ರದ್ದಕ್ಕೆ ಹೋಲಿಸುವವರಿಗೂ ಒಂದು ಮಾತು: ಜಿಲ್ಲೆಯ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2003ರಲ್ಲಿ. ಹಾಲಕ್ಕಿ ಒಕ್ಕಲಿಗರು 2011ರಲ್ಲೂ ಆ ಪಟ್ಟಿಯಲ್ಲಿರಲಿಲ್ಲ.

ಮುಂದಿನ ಕೆಲಸ 1951ರ ಅಂಕಿ ಹುಡುಕುವುದು. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಆದ್ದರಿಂದ ಮೈಸೂರಿನ ಸಂಪುಟಗಳನ್ನು ತಿರುವಿ ಪ್ರಯೋಜನವಿಲ್ಲ. ಹೊಸ ಜನಗಣತಿಯ ಆಧಾರ ದಿನ, ಅಂದರೆ ಯಾವ ದಿನಕ್ಕೆ ಇದ್ದಂತೆ ಜನರ ಲೆಕ್ಕ ಹಿಡಿಯುತ್ತಾರೋ ಆ ದಿನ, 2027ರ ಮಾರ್ಚ್ 1. ಶಿರಸಿಯ ಮಾರಿಕಾಂಬಾ ಜಾತ್ರೆ ಸಮಸಂಖ್ಯೆಯ ವರ್ಷಗಳಲ್ಲಿ ಬರುವುದರಿಂದ ಆಗ ನೆಂಟರ ಗದ್ದಲವಿರುವುದಿಲ್ಲ; ಅಡಿಕೆ ಕೆಲಸಕ್ಕೆ ಹೊರಗಿನಿಂದ ಬಂದು ಉಳಿದವರು ಮಾತ್ರ ಇರಬಹುದು. ಅಷ್ಟರೊಳಗೆ ಕೆಳಗಿನಕೇರಿ ಮುಗಿಸಬೇಕು. ಹಳ್ಳಕ್ಕೆ ನೀರು ಬಂದರೆ ಕಾಲುಸಂಕ ದಾಟುವುದು ಕಷ್ಟ, ಆದ್ದರಿಂದ ಅಲ್ಲಿಗೆ ಹೋಗುವುದು ಇನ್ನು ದೀಪಾವಳಿಯ ನಂತರವೇ.