ಮುಳ್ಳಿಗಿಂತ ಮೊದಲು ಬಾಗಿಲು

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಏನಾದರೂ ಬರೆಯಿರಿ ಎಂದು ಸಂಪಾದಕರು ಕೇಳಿದಾಗ ಕಣ್ಣ ಮುಂದೆ ಬಂದದ್ದು ಭೂವಿಜ್ಞಾನ ವಿಭಾಗದ ಮೈಕ್ರೋಸ್ಕೋಪ್ ಮೇಜು. ಡೈನೊಫ್ಲಾಜೆಲೇಟ್ ಎಂಬ ಏಕಕೋಶ ಜಲಜೀವಿಗಳು ಕಲ್ಲಿನಲ್ಲಿ ಉಳಿಸಿಹೋದ ಸಿಸ್ಟ್‌ಗಳನ್ನು, ಅಂದರೆ ಗಟ್ಟಿ ಕವಚಗಳನ್ನು, ನೋಡಲು ಮೇಷ್ಟ್ರು ಅಲ್ಲಿ ಹಾಕಿಕೊಟ್ಟ ಕ್ರಮವೇ ನನ್ನಲ್ಲಿ ಉಳಿದಿರುವ ದೊಡ್ಡ ನೆನಪು. ಅದನ್ನೇ ಬರೆಯುತ್ತೇನೆ. ಈಗ ಆ ಮೇಜಿನ ಮುಂದೆ ಕೂತಿರುವವರ ಕೈಗೆ ಒದಗುವುದು ಅದೇ.

ಸ್ಲೈಡ್ ಇಟ್ಟ ಕೂಡಲೇ ಕಣ್ಣಿಗೆ ಬೀಳುವುದು ಮುಳ್ಳುಗಳು. ಉದ್ದದವು, ಗಿಡ್ಡದವು, ತುದಿ ಕವಲೊಡೆದವು, ಕೊಳವೆಯಂಥವು. ಮುಳ್ಳು ನೋಡಿ ಹೆಸರಿಟ್ಟರೆ ಹತ್ತರಲ್ಲಿ ಆರು ತಪ್ಪುತ್ತವೆ. ಮೊದಲು ಹುಡುಕಬೇಕಾದದ್ದು ಬಾಗಿಲು.

ಈ ಜೀವಿಗಳದ್ದು ಒಂದೇ ಕೋಶದ ಮೈ, ಈಜಲು ಚಾವಟಿಯಂಥ ಎರಡು ಕಶಾಂಗಗಳು. ಒಂದು ಕಶಾಂಗ ನಡುವನ್ನು ಸುತ್ತುವ ತೋಡಿನಲ್ಲಿ ಇರುತ್ತದೆ, ಆ ತೋಡು ಸಿಂಗ್ಯುಲಮ್. ಇನ್ನೊಂದು ಹೊಟ್ಟೆಯ ಕಡೆ ಕೆಳಗಿಳಿಯುವ ತೋಡಿನಲ್ಲಿ, ಅದು ಸಲ್ಕಸ್. ಮೈಮೇಲಿನ ಸೆಲ್ಯುಲೋಸ್ ಫಲಕಗಳು ಜೀವಿ ಸತ್ತ ಮೇಲೆ ಕೊಳೆತುಹೋಗುತ್ತವೆ. ಕಲ್ಲಿನಲ್ಲಿ ಉಳಿಯುವುದು ವಿಶ್ರಾಂತಿ ಕಾಲದಲ್ಲಿ ಕೋಶ ತನ್ನ ಸುತ್ತ ಕಟ್ಟಿಕೊಂಡ ಸಿಸ್ಟ್. ಅದರ ಗೋಡೆ ಡೈನೊಸ್ಪೊರಿನ್ ಎಂಬ ಗಟ್ಟಿ ಸಾವಯವ ವಸ್ತುವಿನದು, ಆಮ್ಲಕ್ಕೂ ಜಗ್ಗದು. ಗಾತ್ರ ಬಹುಪಾಲು 20ರಿಂದ 150 ಮೈಕ್ರಾನ್. ವಿಶ್ರಾಂತಿ ಮುಗಿದಾಗ ಕೋಶ ಎಲ್ಲೆಂದರಲ್ಲಿ ಗೋಡೆ ಒಡೆದು ಹೊರಬರುವುದಿಲ್ಲ. ಗೋಡೆಯಲ್ಲಿ ಗೊತ್ತಾದ ಫಲಕಕ್ಕೆ ಸರಿಹೊಂದುವ ಜಾಗವೇ ಕಳಚಿಕೊಳ್ಳುತ್ತದೆ. ಆ ಬಾಗಿಲಿಗೆ ಆರ್ಕಿಯೋಪೈಲ್ ಎಂದೂ ಕಳಚಿದ ಮುಚ್ಚಳಕ್ಕೆ ಒಪರ್ಕ್ಯುಲಮ್ ಎಂದೂ ಹೆಸರು.

ಈ ಬಾಗಿಲಿನ ಬೆಲೆ ತಿಳಿಯಲು ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. 1830ರ ದಶಕದಲ್ಲಿ ಜರ್ಮನ್ ವಿಜ್ಞಾನಿ ಎಹ್ರೆನ್‌ಬರ್ಗ್ ಚಕಮಕಿ ಕಲ್ಲಿನ ತೆಳು ಚೂರುಗಳಲ್ಲಿ ಮುಳ್ಳುಗುಂಡುಗಳನ್ನು ಕಂಡು, ಅವನ್ನು ಸಿಹಿನೀರಿನ ಪಾಚಿಯಾದ ಜಾಂತಿಡಿಯಮ್ ಕುಲಕ್ಕೆ ಸೇರಿಸಿದರು. ಮುಂದೆ ಅವಕ್ಕೆ ಹಿಸ್ಟ್ರಿಕೊಸ್ಫಿಯರ್ ಎಂಬ ಹೆಸರು ಬಂತು, ಜಾತಿಕುಲ ಮಾತ್ರ ತಿಳಿಯಲಿಲ್ಲ. 1961ರಲ್ಲಿ ಅಮೆರಿಕದ ಭೂವಿಜ್ಞಾನಿ ವಿಲಿಯಂ ಎವಿಟ್ ತೂತು ಇರುವ ಜಾಗ ಮತ್ತು ಮುಳ್ಳುಗಳ ಹಂಚಿಕೆ ಎರಡನ್ನೂ ಫಲಕಗಳ ನಕ್ಷೆಗೆ ಹೊಂದಿಸಿ, ಇವುಗಳಲ್ಲಿ ಬಹಳಷ್ಟು ಡೈನೊಫ್ಲಾಜೆಲೇಟ್ ಸಿಸ್ಟ್‌ಗಳೇ ಎಂದು ತೋರಿಸಿದರು. ಹಾಗೆ ಹೊಂದದೆ ಉಳಿದವಕ್ಕೆ 1963ರಲ್ಲಿ ಅಕ್ರಿಟಾರ್ಕ್ ಎಂಬ ಪದ ಕೊಟ್ಟವರೂ ಅವರೇ. ಬಾಗಿಲೂ ಕಾಣದೆ ಫಲಕದ ಗುರುತೂ ಕಾಣದೆ ಹೋದರೆ ಇಂದಿಗೂ ಅಕ್ರಿಟಾರ್ಕ್ ಎಂದೇ ಬರೆಯಬೇಕು. ಅದರಲ್ಲಿ ಸೋಲೇನೂ ಇಲ್ಲ.

ಫಲಕಗಳಿಗೆ ಅಮೆರಿಕದ ಪ್ರಾಣಿವಿಜ್ಞಾನಿ ಕೊಫಾಯ್ಡ್ ಕೊಟ್ಟ ಲೆಕ್ಕ ಬಾಯಿಪಾಠ ಆಗಿರಬೇಕು. ತುದಿಯ ಸುತ್ತಿನವು ಏಪಿಕಲ್, ಒಂದು ಗೀಟು (′). ಸಿಂಗ್ಯುಲಮ್‌ನ ಮೇಲಿನವು ಪ್ರಿಸಿಂಗ್ಯುಲರ್ (″), ಕೆಳಗಿನವು ಪೋಸ್ಟ್‌ಸಿಂಗ್ಯುಲರ್ (‴), ಬುಡದವು ಆ್ಯಂಟೇಪಿಕಲ್ (⁗). ಗೊನಿಯಾಲಕಾಯ್ಡ್ ಗುಂಪಿನಲ್ಲಿ ಪ್ರಿಸಿಂಗ್ಯುಲರ್ ಆರು, ಬೆನ್ನಿನ ನಡುವೆ ಬರುವುದು 3″. ಪೆರಿಡಿನಿಯಾಯ್ಡ್‌ನಲ್ಲಿ ಏಳು, ಅವುಗಳ ಮೇಲೆ ಬೆನ್ನಿನ ಕಡೆ ಮೂರು ಇಂಟರ್‌ಕ್ಯಾಲರಿ (a) ಫಲಕಗಳು. ಆದ್ದರಿಂದ ಗೊನಿಯಾಲಕಾಯ್ಡ್ ಕುಲವಾದ ಸ್ಪಿನಿಫೆರೈಟಿಸ್‌ನಲ್ಲಿ 3″ ಒಂದೇ ಕಳಚುತ್ತದೆ, ಪೆರಿಡಿನಿಯಾಯ್ಡ್ ಕುಲವಾದ ಡಿಫ್ಲಾಂಡ್ರಿಯದಲ್ಲಿ ನಡುವಣ ಇಂಟರ್‌ಕ್ಯಾಲರಿ 2a. ಒಲಿಗೊಸ್ಫಿರಿಡಿಯಮ್‌ನಲ್ಲಿ ಏಪಿಕಲ್ ಫಲಕಗಳೆಲ್ಲ ಒಟ್ಟಾಗಿ ಟೋಪಿಯಂತೆ ಹಾರಿಹೋಗುತ್ತವೆ. ಬಾಗಿಲಿನ ಜಾಗ ಗೊತ್ತಾಯಿತೆಂದರೆ ಬೆನ್ನು ಯಾವುದು, ಹೊಟ್ಟೆ ಯಾವುದು, ಯಾವ ಗುಂಪು ಎಂಬ ಮೂರೂ ಒಟ್ಟಿಗೆ ಸಿಕ್ಕಂತೆ.

ಆದರೆ ಎಲ್ಲ ತೂತೂ ಬಾಗಿಲಲ್ಲ. ಪೈರೈಟ್ ಹರಳು ಒಳಗೇ ಬೆಳೆದು ಗೋಡೆಯನ್ನು ತೂತು ಮಾಡುತ್ತದೆ, ಮಡಿಕೆಯ ಮೇಲೆ ಗೋಡೆ ಹರಿಯುತ್ತದೆ. ನಿಜವಾದ ಆರ್ಕಿಯೋಪೈಲ್‌ನ ಅಂಚು ನೇರ ಗೆರೆಗಳದು, ಮೂಲೆಗಳು ಸ್ಪಷ್ಟ, ಮತ್ತು ಅದು ಒಂದೊಂದು ಮಾದರಿಯಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಹತ್ತು ಮಾದರಿಗಳಾದರೂ ನೋಡದೆ ಬಾಗಿಲಿನ ವಿಧ ಬರೆಯಬಾರದು. ಏಪಿಕಲ್ ಬಾಗಿಲಾದರೆ ಅಂಚು ಗರಗಸದಂತೆ ಏರಿಳಿಯುತ್ತದೆ, ಹೊಟ್ಟೆಯ ಕಡೆ ಸಲ್ಕಸ್‌ನ ಕಚ್ಚು ಕಾಣುತ್ತದೆ. ಅರಿಯೊಲಿಗೆರ ಬಳಗದಲ್ಲಿ ಆ ಕಚ್ಚು ನಡುವಿನಿಂದ ಪಕ್ಕಕ್ಕೆ ಸರಿದಿರುತ್ತದೆ. ಗುರುತಿಗೆ ಅಷ್ಟೇ ಸಾಕು.

ಎಡ ಬಲದ ಗೊಂದಲ ಎಲ್ಲರನ್ನೂ ಕಾಡುತ್ತದೆ. ಸಿಸ್ಟ್‌ನ ಎಡ ಎಂದರೆ ಅದರದೇ ಎಡ, ನೋಡುವವರದ್ದಲ್ಲ. ಬೆನ್ನು ನಮ್ಮ ಕಡೆ ಇದ್ದರೆ ಅದರ ಎಡ ನಮ್ಮ ಎಡಕ್ಕೇ ಬರುತ್ತದೆ, ಹೊಟ್ಟೆ ನಮ್ಮ ಕಡೆ ಇದ್ದರೆ ನಮ್ಮ ಬಲಕ್ಕೆ. ಇಲ್ಲಿವರೆಗೆ ಸುಲಭ. ಸಿಸ್ಟ್ ಪಾರದರ್ಶಕ. ಫೋಕಸ್ ಕೆಳಗಿಳಿಸಿದರೆ ಬೆನ್ನಿನ ಮೂಲಕ ಹೊಟ್ಟೆಯನ್ನು ಒಳಗಿನಿಂದ ನೋಡುತ್ತಿರುತ್ತೇವೆ, ಆಗ ಚಿತ್ರ ಕನ್ನಡಿಯಲ್ಲಿ ಕಂಡಂತೆ ಅದಲುಬದಲು. ಮೈಕ್ರೋಸ್ಕೋಪ್ ಚಿತ್ರವನ್ನು ತಲೆಕೆಳಗು ಮಾಡುವುದು ಬೇರೆ ಸಂಗತಿ, ಅದು ಬರೀ ತಿರುಗಿಸುವುದು, ಎಡಬಲದ ಸಂಬಂಧ ಕೆಡುವುದಿಲ್ಲ. ಆದ್ದರಿಂದ ಪ್ರತಿ ಚಿತ್ರದ ಕೆಳಗೆ ಯಾವ ಕಡೆಯ ನೋಟ, ಮೇಲಿನ ಫೋಕಸ್ಸೋ ಕೆಳಗಿನದ್ದೋ ಎಂದು ಬರೆಯಲೇಬೇಕು. ಪರೀಕ್ಷೆಗೆ ಇನ್ನೊಂದು ದಾರಿಯೂ ಇದೆ: ಗೊನಿಯಾಲಕಾಯ್ಡ್ ಸಿಸ್ಟ್‌ಗಳಲ್ಲಿ ಸಿಂಗ್ಯುಲಮ್‌ನ ಎಡತುದಿ ಮೇಲೆ, ಬಲತುದಿ ಕೆಳಗೆ. ಚಿತ್ರದಲ್ಲಿ ಇದು ತಿರುಗುಮುರುಗಾಗಿದ್ದರೆ ಫೋಕಸ್ ಗುರುತು ಹಾಕುವಾಗ ತಪ್ಪಿದ್ದೀರಿ.

ಬಾಗಿಲು, ದಿಕ್ಕು ಆದ ಮೇಲೆ ಮುಳ್ಳು. ಕೇಳಬೇಕಾದ ಪ್ರಶ್ನೆ ಮುಳ್ಳು ಹೇಗಿದೆ ಎನ್ನುವುದಕ್ಕಿಂತ ಎಲ್ಲಿಂದ ಎದ್ದಿದೆ ಎನ್ನುವುದು. ಫಲಕಗಳು ಕೂಡುವ ಮೂಲೆಯಿಂದ ಎದ್ದರೆ ಗೋನಲ್, ಫಲಕದ ನಡುವಿನಿಂದ ಎದ್ದರೆ ಇಂಟ್ರಾಟ್ಯಾಬ್ಯುಲರ್, ಯಾವ ಲೆಕ್ಕಕ್ಕೂ ಸಿಗದಿದ್ದರೆ ನಾನ್‌ಟ್ಯಾಬ್ಯುಲರ್. ಸ್ಪಿನಿಫೆರೈಟಿಸ್‌ನಲ್ಲಿ ಮೂಲೆಯ ಮುಳ್ಳಿನ ತುದಿ ಮೂರು ಕವಲು, ಎರಡು ಮೂಲೆಗಳ ನಡುವೆ ಮುಳ್ಳಿದ್ದರೆ ಅದರದ್ದು ಎರಡು ಕವಲು, ಮುಳ್ಳುಗಳನ್ನು ಕೂಡಿಸುವ ತಗ್ಗು ಗೋಡೆಯೂ ಉಂಟು. ಅದೇ ಮುಳ್ಳುಗಳಿದ್ದು ಕೂಡಿಸುವ ಗೋಡೆ ಇಲ್ಲದಿದ್ದರೆ ಅಕೊಮೊಸ್ಫಿರ. ಒಲಿಗೊಸ್ಫಿರಿಡಿಯಮ್‌ನಲ್ಲಿ ಫಲಕಕ್ಕೊಂದು ಕೊಳವೆ, ಸಿಂಗ್ಯುಲಮ್ ಮೇಲೆ ಒಂದೂ ಇಲ್ಲ. ಸಿಂಗ್ಯುಲಮ್ ಮೇಲೂ ಇದ್ದರೆ ಹಿಸ್ಟ್ರಿಕೊಸ್ಫಿರಿಡಿಯಮ್. ಟೋಪಿ ಹಾರಿಹೋದಾಗ ಅದರ ಮೇಲಿನ ನಾಲ್ಕು ಕೊಳವೆಗಳೂ ಹೋಗಿರುತ್ತವೆ ಎಂಬುದನ್ನು ಮರೆತು ಎಣಿಸಿದರೆ ಇಲ್ಲದ ಹೊಸ ಪ್ರಭೇದ ಹುಟ್ಟುತ್ತದೆ. ಒಡೊಂಟೊಕಿಟಿನದ್ದು ಇನ್ನೊಂದು ಪೇಚು: ಮೇಲಿನ ಕೊಂಬು ಮುಚ್ಚಳದ ಜೊತೆಗೇ ಕಳಚಿ ಬೇರೆಯಾಗಿ ಬಿದ್ದಿರುತ್ತದೆ, ಎರಡು ತುಂಡನ್ನೂ ಎಣಿಸಿದರೆ ಸಂಖ್ಯೆ ಇಮ್ಮಡಿಯಾಗುತ್ತದೆ. ಮುಚ್ಚಳ ಬಿಟ್ಟು ಮೈಯನ್ನು ಮಾತ್ರ ಎಣಿಸಿ.

ಮುಳ್ಳಿನ ಉದ್ದವನ್ನು ಮಾತ್ರ ನೆಚ್ಚಿ ಪ್ರಭೇದ ಬೇರೆ ಮಾಡುವುದು ನನಗೆ ಇಂದಿಗೂ ಒಪ್ಪದ ಅಭ್ಯಾಸ. ಲಿಂಗುಲೊಡಿನಿಯಮ್ ಮಕೆರೊಫೋರಮ್‌ನ ಮುಳ್ಳುಗಳು ಉಪ್ಪು ಕಡಿಮೆಯಾದ ನೀರಿನಲ್ಲಿ ಗಿಡ್ಡವಾಗುತ್ತವೆ. ಅದು ಅದೇ ಜೀವಿ, ನೀರು ಬೇರೆ.

ಇದೆಲ್ಲ ಕಾಣಬೇಕಾದರೆ ಮಾದರಿ ಚೆನ್ನಾಗಿರಬೇಕು. ನಮ್ಮ ಕರ್ನಾಟಕದ ಧಾರವಾಡ ಶಿಸ್ಟ್, ನೈಸ್‌ಗಳ ವಯಸ್ಸು 250 ಕೋಟಿ ವರ್ಷಕ್ಕೂ ಹಿಂದಿನದು. ಡೈನೊಸಿಸ್ಟ್‌ಗಳು ಖಚಿತವಾಗಿ ಸಿಗುವುದು ಟ್ರಯಾಸಿಕ್‌ನಿಂದ ಈಚೆಗೆ. ಹಾಗಾಗಿ ಇಲ್ಲಿನ ವಿದ್ಯಾರ್ಥಿಗಳು ಹೋಗುವುದು ತಮಿಳುನಾಡಿನ ಅರಿಯಲೂರು ಕಡೆಗೆ, ಕಾವೇರಿ ಜಲಾನಯನದ ಕ್ರಿಟೇಶಸ್ ಪದರಗಳಿಗೆ. ಕಾರೈ ಜೇಡಿಯ ಮೇಲ್ಮೈ ಬಿಸಿಲು ಗಾಳಿಗೆ ಹಳದಿಗಟ್ಟಿ ಉತ್ಕರ್ಷಣಗೊಂಡಿರುತ್ತದೆ, ಅದರಲ್ಲಿ ಸಿಸ್ಟ್ ಸಿಗುವುದು ಅಪರೂಪ. ಬಣ್ಣ ಬೂದುಕಪ್ಪಿಗೆ ತಿರುಗುವವರೆಗೆ ಅಗೆದು ತೆಗೆಯಬೇಕು. ಜಿಪ್ಸಮ್ ಎಳೆಗಳನ್ನು ಕೈಯಿಂದಲೇ ಆರಿಸಿ ಬಿಸಾಡಬೇಕು.

ತೊಳೆದು ಒಣಗಿಸಿದ ಕಲ್ಲು 10ರಿಂದ 20 ಗ್ರಾಂ ಸಾಕು. ಕಡಲೆಬೇಳೆಗಿಂತ ಸಣ್ಣಗೆ ಒಡೆಯಬೇಕು, ಪುಡಿ ಮಾಡಬಾರದು, ಮಾಡಿದರೆ ಸಿಸ್ಟ್‌ಗಳೂ ಪುಡಿಯಾಗುತ್ತವೆ. ಮೊದಲು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಗುಳ್ಳೆ ನಿಲ್ಲುವ ತನಕ. ಇಲ್ಲಿ ಅವಸರ ಮಾಡಿ ಕ್ಯಾಲ್ಸಿಯಂ ಉಳಿಸಿದರೆ, ಮುಂದೆ ಹೈಡ್ರೋಫ್ಲೋರಿಕ್ ಆಮ್ಲ ಸೇರಿದಾಗ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಕಟ್ಟಿ ಸ್ಲೈಡ್ ತುಂಬ ಹರಳಾಗುತ್ತದೆ. ನೀರು ತುಂಬಿ, ತಂಗಲು ಬಿಟ್ಟು, ಮೇಲಿನದ್ದು ಚೆಲ್ಲಿ, ಮೂರು ನಾಲ್ಕು ಸಲ ತೊಳೆದ ಮೇಲೆ 40 ಶೇಕಡಾ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಒಂದೆರಡು ದಿನ. ಪ್ಲಾಸ್ಟಿಕ್ ಬೀಕರ್, ಫ್ಯೂಮ್ ಹುಡ್, ದಪ್ಪ ಗ್ಲೌಸ್, ಪಕ್ಕದಲ್ಲೇ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್. ಇವಿಲ್ಲದೆ ಬಾಟಲಿಯ ಮುಚ್ಚಳ ತೆಗೆಯಲೇಬೇಡಿ. ಆ ಆಮ್ಲ ಮೈಗೆ ತಾಗಿದ್ದು ಕೆಲವು ಸಲ ತಕ್ಷಣ ಉರಿಯುವುದಿಲ್ಲ, ಒಳಗಿಳಿದು ಮೂಳೆ ಮತ್ತು ಹೃದಯಕ್ಕೆ ತೊಂದರೆ ಮಾಡುತ್ತದೆ. ಮತ್ತೆ ತೊಳೆದು 10 ಮೈಕ್ರಾನ್ ಜರಡಿಯಲ್ಲಿ ಸೋಸಿ.

ಪರಾಗ, ಬೀಜಾಣು ತೆಗೆಯುವವರ ಅಭ್ಯಾಸದಂತೆ ನೈಟ್ರಿಕ್ ಆಮ್ಲ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕುವುದನ್ನು ಇಲ್ಲಿ ಬಿಡಬೇಕು. ಕಂದು ಬಣ್ಣದ, ತೆಳುಗೋಡೆಯ ಪ್ರೊಟೊಪೆರಿಡಿನಿಯಮ್ ಸಿಸ್ಟ್‌ಗಳು ಉತ್ಕರ್ಷಣಕ್ಕೆ ಮೊದಲು ಬಲಿಯಾಗುವಂಥವು. ಪೋಷಕಾಂಶ ಹೆಚ್ಚಿದ್ದ ನೀರಿಗೆ ಅವೇ ಗುರುತು. ಅವು ಹೋದರೆ ಇಡೀ ಸಮುದಾಯದ ಚಿತ್ರವೇ ಬದಲಾಗುತ್ತದೆ, ಪೋಷಕಾಂಶ ಹೆಚ್ಚಿದ್ದ ನೀರು ಬಡನೀರಾಗಿ ಕಾಣುತ್ತದೆ.

ಗ್ರಾಂಗೆ ಎಷ್ಟು ಎಂದು ಹೇಳಬೇಕಾದರೆ ಶುರುವಿನಲ್ಲೇ ಲೈಕೊಪೋಡಿಯಮ್ ಮಾತ್ರೆ, ಅಂದರೆ ಆ ಗಿಡದ ಎಣಿಸಿಟ್ಟ ಬೀಜಾಣುಗಳ ಮಾತ್ರೆ, ಹಾಕಿರಬೇಕು. 15 ಗ್ರಾಂ ಕಲ್ಲಿಗೆ 18,583 ಬೀಜಾಣುಗಳಿರುವ ಒಂದು ಮಾತ್ರೆ ಹಾಕಿ, 300 ಸಿಸ್ಟ್ ಎಣಿಸುವಷ್ಟರಲ್ಲಿ 150 ಲೈಕೊಪೋಡಿಯಮ್ ಸಿಕ್ಕರೆ, ಗ್ರಾಂಗೆ ಸುಮಾರು 2,478 ಸಿಸ್ಟ್.

ಇನ್ನು ವರ್ಣನೆ. ಆಕಾರ, ಗೋಡೆಯ ಪದರಗಳು, ಮುಳ್ಳು, ಫಲಕವಿನ್ಯಾಸ, ಆರ್ಕಿಯೋಪೈಲ್, ಅಳತೆ. ನೋಡುವುದು ಬಾಗಿಲಿನಿಂದ, ಬರೆಯುವುದು ಈ ಸಾಲಿನಲ್ಲಿ. ಅಳತೆಗೆ 20ರಿಂದ 30 ಮಾದರಿ ಬೇಕು, ಕನಿಷ್ಠ, ಸರಾಸರಿ, ಗರಿಷ್ಠ ಮೂರೂ ಕೊಡಬೇಕು. ಮುಳ್ಳು ಸೇರಿಸಿದ ಅಗಲವೋ ಮೈಯಷ್ಟೇ ಅಗಲವೋ ಎಂದು ಹೇಳದ ಅಂಕಿ ಯಾರಿಗೂ ಉಪಯೋಗವಿಲ್ಲ. ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯಿರಿ, ನಕ್ಷೆಯ ಪ್ರಕಾರ ಇರಬೇಕು ಎಂದು ಫಲಕ ತುಂಬಬೇಡಿ. ಸ್ಪಿನಿಫೆರೈಟಿಸ್ ರಾಮೋಸಸ್ ಎಂಬ ಹೆಸರಿನಡಿ ಎಷ್ಟೊಂದು ಬಗೆಯ ಸಿಸ್ಟ್‌ಗಳು ಗುಡ್ಡೆಬಿದ್ದಿರುವುದಕ್ಕೆ ಅರ್ಧ ಕಾರಣ ಇಂಥ ಅರೆಬರೆ ವರ್ಣನೆಗಳೇ.

ಹೊಸ ಪ್ರಭೇದವಾದರೆ ಸಸ್ಯನಾಮಕರಣ ಸಂಹಿತೆಯ ಪ್ರಕಾರ ನಡೆಯಬೇಕು: ಇಂಗ್ಲಿಷ್ ಅಥವಾ ಲ್ಯಾಟಿನ್ ವರ್ಣನೆ, ಚಿತ್ರ, ಹೋಲೋಟೈಪ್ (ಹೆಸರಿಗೆ ಆಧಾರವಾದ ಒಂದೇ ಮಾದರಿ), ಅದನ್ನು ಇಟ್ಟಿರುವ ಸಂಗ್ರಹದ ಹೆಸರು. ಹೋಲೋಟೈಪ್ ಇರುವ ಜಾಗವನ್ನು ಇಂಗ್ಲೆಂಡ್ ಫೈಂಡರ್ (ಚೌಕಗಳಿಗೆ ಗುರುತು ಹಾಕಿದ ಗಾಜಿನ ಸ್ಲೈಡ್) ಅಂಕಿಯಲ್ಲಿ ಕೊಡಿ, ಸ್ಟೇಜಿನ ಅಳತೆಪಟ್ಟಿಯ ಅಂಕಿ ಬೇರೆ ಮೈಕ್ರೋಸ್ಕೋಪಿನಲ್ಲಿ ಹೊಂದುವುದಿಲ್ಲ. ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸಿದ ಸಿಸ್ಟ್ ವರ್ಷಗಳು ಕಳೆದಂತೆ ಸರಿಯುತ್ತದೆ, ಅಂಚಿನಿಂದ ಜೆಲ್ಲಿ ಒಣಗುತ್ತದೆ. ಟೈಪ್ ಸ್ಲೈಡ್‌ಗೆ ಗಟ್ಟಿಯಾಗುವ ರಾಳ ಬಳಸಿ, ಕವರ್‌ಸ್ಲಿಪ್ಪಿನ ಅಂಚನ್ನು ಮುಚ್ಚಿ, ಸಿಸ್ಟ್‌ನ ಸುತ್ತ ಶಾಯಿಯಲ್ಲಿ ಒಂದು ಸಣ್ಣ ವೃತ್ತ ಎಳೆದಿಡಿ. ಲೇಬಲ್ ಸ್ಲೈಡಿನ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನೂ ಅಂಕಿಯ ಪಕ್ಕದಲ್ಲೇ ಬರೆಯಿರಿ.